ಕಾರ್ಡಿನ ಕೊನೆಯ ಹೆಸರು

ಮೊನ್ನೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವಾಗ ಆ ವಾಸನೆಗೆ ಜೇವರ್ಗಿಯ ಟೇಲರ್ ಕಾಕಾ ನೆನಪಾದರು. ಅದಕ್ಕಿಂತ ಮೊದಲು ನನ್ನ ತಪ್ಪು ನೆನಪಾಯಿತು ಎನ್ನಬೇಕು...

ಎಂಬತ್ತರ ದಶಕ. ಮೆಟ್ರಿಕ್ ಫೇಲಾಗಿ ಅವರ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದೆ. ಕಾಕಾ ಒಂದು ರೇಡಿಯೊ ಕೇಳುಗರ ಬಳಗ ಕಟ್ಟಿದ್ದರು. ಒಬ್ಬರ ಮುಖ ಒಬ್ಬರು ಕಾಣದವರೆಲ್ಲ ಸರಸಂಬಾ, ಭೂಸನೂರಿನಂಥ ಊರುಗಳಿಂದ ಕಾಗದ ಬರೆದು ಸದಸ್ಯರಾಗುತ್ತಿದ್ದರು. ವಾರಕ್ಕೊಂದು ಪೋಸ್ಟ್ ಕಾರ್ಡಿನಲ್ಲಿ ಎಲ್ಲರ ಹೆಸರು ಬರೆದು, ನಮಗೆ ಬೇಕಾದ ಹಾಡು ಹಾಕಿರೆಂದು ರೇಡಿಯೊದವರಿಗೆ ಕಳಿಸುತ್ತಿದ್ದೆವು. ರೇಡಿಯೊದವರು ಹಾಡಿಗೆ ಮುಂಚೆ ಆ ಹೆಸರುಗಳನ್ನು ಓದುತ್ತಿದ್ದರು. ಹೊಸಬರ ಹೆಸರು ಮೊದಲು, ತಮ್ಮದು ಕಟ್ಟಕಡೆಗೆ, ಇದು ಕಾಕಾ ಮಾಡಿದ ಪದ್ಧತಿ.

“ಹೊಸದಾಗಿ ಬಂದವ್ರಿಗಿ ಇದು ನಮ್ಮ ಮನೀನ ಅನ್ನಸ್ಬೇಕವ್ವಾ,” ಎನ್ನುತ್ತಿದ್ದರು. ತಿಂಗಳಿಂದ ಸುದ್ದಿಯಿಲ್ಲದವರಿಗೆ, ಆರಾಮ ಇದ್ದೀರೇನು ಎಂದು ನನ್ನಿಂದ ಕಾಗದ ಬರೆಸುತ್ತಿದ್ದರು.

ಅವರಿಗೆ ಓದು ಬರಹ ಬಾರದು, ಬರೆಯುವವಳು ನಾನು. ಬರೆಯುತ್ತ ಬರೆಯುತ್ತ ನನಗೆ ಕೊಂಬು ಬಂತು. ಒಂದು ವಾರ ನನ್ನ ಹೆಸರನ್ನೇ ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆದೆ. ಕೊನೆಗೆ ಜಾಗ ಉಳಿಯಲಿಲ್ಲ, ಕಾಕಾ ಹೆಸರು ಬಿಟ್ಟೆ. ಅವರಿಗೇನು ಗೊತ್ತಾಗುತ್ತದೆ ಎಂಬ ಧೈರ್ಯ. ಆ ರವಿವಾರ ನನ್ನ ಹೆಸರು ಕೇಳಿ ಉಬ್ಬಿಹೋದೆ. ಕಾಕಾ ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ಕೊನೆಯ ಹೆಸರಿನವರೆಗೂ ಕೇಳಿದರು. ಹಾಡು ಶುರುವಾದ ಮೇಲೆ ಮತ್ತೆ ಹೊಲಿಯತೊಡಗಿದರು.

ನಾಲ್ಕಾರು ವಾರ ಹಾಗೆಯೇ ನಡೆಸಿದೆ. ಒಂದು ದಿನ ಪೋಸ್ಟಿನವನು ರಿಜಿಸ್ಟರ್ ಪತ್ರ ತಂದ. ಹೆಬ್ಬೆಟ್ಟಿಗೆ ಮಸಿ ತೆಗೆಯಹೋದವನಿಂದ ಕಾಕಾ ಪೆನ್ನು ಇಸಿದುಕೊಂಡು, ನಿಧಾನವಾಗಿ ತಮ್ಮ ಹೆಸರು ಬರೆದರು. ನನ್ನ ಕೈಯ ಕತ್ತರಿ ನಿಂತಿತು. ಪ್ರತಿವಾರ ಕಾರ್ಡನ್ನು ಡಬ್ಬಿಗೆ ಹಾಕುತ್ತಿದ್ದವರು ಅವರೇ. ಹಾಕುವ ಮುಂಚೆ ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ಅಷ್ಟು ಹೆಸರಿನಲ್ಲಿ ಅವರು ಓದಬಲ್ಲದ್ದು ತಮ್ಮದೊಂದೇ.

ನನ್ನ ಮುಖ ನೋಡಿ, “ಕಾರ್ಡ್ ಸಣ್ಣದದ ಅವ್ವಾ. ನಿನ್ನ ಹೆಸರು ಬಂತಲ್ಲ, ಸಾಕು,” ಎಂದರು.

ಮುಂದಿನ ವಾರ ಅವರ ಹೆಸರನ್ನೇ ಮೊದಲು ಬರೆದೆ. ಅದನ್ನು ನೋಡಿ ಅವರು ಇನ್ನೊಂದು ಕಾರ್ಡು ಕೊಟ್ಟು, ಹೊಸಬರಿಂದ ಶುರು ಮಾಡು ಎಂದರು. ಅಕ್ಷರ ಸಣ್ಣದು ಮಾಡಿದೆ. ಕೊನೆಯಲ್ಲಿ ಅವರ ಹೆಸರಿಗೂ ಜಾಗವಿತ್ತು, ಮೊದಲಿನಿಂದಲೂ ಇತ್ತು...

ಮದುವೆಯಾಗಿ ಆಳಂದಕ್ಕೆ ಬಂದೆ. ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ವರ್ಷದ ಮೇಲೆ.

ಈಗ ಫೋನಿನಲ್ಲಿ ಹೊಲಿಗೆಯವರ ಗುಂಪೊಂದನ್ನು ನಡೆಸುತ್ತೇನೆ. ಅಫಜಲಪುರದ ಹೊಸಬಳೊಬ್ಬಳು ಸೇರಿ ತಿಂಗಳಾದರೂ ಒಂದು ಮಾತೂ ಬರೆದಿರಲಿಲ್ಲ. ಮೊನ್ನೆ ಎಣ್ಣೆ ಮೆತ್ತಿದ ಕೈ ಒರೆಸಿಕೊಂಡು, ಆರಾಮ ಇದ್ದೀರೇನ್ರಿ ಎಂದು ಕೇಳಿದೆ. ಕೂಡಲೇ ಉತ್ತರ ಬಂತು. ಈ ಗುಂಪಿನಲ್ಲಿ ಎಷ್ಟು ಹೆಸರಿಗಾದರೂ ಜಾಗವಿದೆ. ಕಾಕಾ ಇಲ್ಲ.