ಮೂರನೇ ಮಷೀನಿನ ಡಿಸ್ಕಿನಲ್ಲಿದ್ದ ಮಲಪ್ರಭೆ

ಖಾನಾಪುರದಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದ ನನ್ನ ಗೆಳತಿಗೆ ಒಂದೇ ಹಂಬಲವಿತ್ತು. ಜಾಂಬೋಟಿಯ ಕಡೆ ಮಳೆ ಜೋರಾದರೆ ತನ್ನ ಊರಿನಲ್ಲಿ ಮಲಪ್ರಭೆ ಎಷ್ಟು ಏರುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ಇಬ್ಬರೂ ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ಎರಡು ಸಾವಿರದ ಇಸವಿಯ ಆಸುಪಾಸು. ಅಷ್ಟು ದೊಡ್ಡ ಲೆಕ್ಕವನ್ನು ತುಂಡು ಮಾಡಿ ಓಡಿಸಲು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲಿನಿಂದ ಜೋಡಿಸಿದೆವು. ಯಾವ ಕೆಲಸ ಯಾವ ಮಷೀನಿಗೆ ಹೋಗಬೇಕೆಂದು ಹಂಚುವ ಪ್ರೋಗ್ರಾಂ ಒಂದಿತ್ತು, ಶೆಡ್ಯೂಲರ್.

ಮೊದಮೊದಲು ಎಲ್ಲ ಮಷೀನುಗಳೂ ಒಂದೇ ಮುಖ್ಯ ಡಿಸ್ಕಿಗೆ ಬರೆಯಲು ಮುಗಿಬಿದ್ದು ಲೆಕ್ಕ ತೆವಳುತ್ತಿತ್ತು.

"ಆಯಾ ಮಷೀನು ತನ್ನ ಡಿಸ್ಕಿನ್ಯಾಗ ಬರಕೊಳ್ಳಲಿ. ಮುಗದ ಮ್ಯಾಲ ಇಲ್ಲಿಗೆ ತರೂಣು," ಎಂದಳು ಗೆಳತಿ.

ಪ್ರತಿ ಕೆಲಸದ ಕೊನೆಗೆ ಎರಡು ಸಾಲು ಸೇರಿಸಿದೆವು: ಫಲಿತಾಂಶವನ್ನು ಮುಖ್ಯ ಡಿಸ್ಕಿಗೆ ನಕಲು ಮಾಡು, ಆಮೇಲೆ ಆಯಾ ಮಷೀನಿನಲ್ಲಿರುವುದನ್ನು ಅಳಿಸು. ಲೆಕ್ಕ ಓಡತೊಡಗಿತು.

ಅವಳ ಲೆಕ್ಕದ ಕೊನೆಯ, ಎಲ್ಲಕ್ಕಿಂತ ದೊಡ್ಡ ತುಂಡು ಮೂರನೇ ಮಷೀನಿಗೆ ಬಿತ್ತು. ರಜೆ ಮುಗಿಯುವ ದಿನ ನಾನು ಖಾಸಬಾಗದ ಮನೆಯಿಂದ ಲ್ಯಾಬಿಗೆ ಬಂದಾಗ ಅವಳು ಪರದೆಯ ಮೇಲಿನ ಫೈಲುಗಳ ಪಟ್ಟಿಯನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

"ಮುಗದೈತಿ ಅಂತ ತೋರಸ್ತೈತಿ. ಫೈಲ್ ಇಲ್ಲ."

ಮುಖ್ಯ ಡಿಸ್ಕು ತುಂಬಿಹೋಗಿತ್ತು. ನಕಲು ಆಗಿರಲಿಲ್ಲ. ಅಳಿಸುವ ಸಾಲಿಗೆ ಅದೇನು ಗೊತ್ತು? ಅದು ತನ್ನ ಕೆಲಸ ಮುಗಿಸಿತ್ತು. ಮೂರನೇ ಮಷೀನನ್ನು ಮಧ್ಯಾಹ್ನದವರೆಗೆ ಜಾಲಾಡಿದೆವು. ಏನೂ ಸಿಗಲಿಲ್ಲ.

"ಮತ್ತೊಮ್ಮೆ ಹಚ್ಚೂಣು," ಎಂದೆ.

"ನಾಳೆ ಹುಡುಗರು ಬರ್ತಾರ. ಎಲ್ಲಿ ಹಚ್ಚತಿ?"

ಮುಂದಿನ ರಜೆ ಬರುವಷ್ಟರಲ್ಲಿ ಅವಳಿಗೆ ಖಾನಾಪುರದಲ್ಲೇ ಪಿಯು ಕಾಲೇಜಿನ ಕೆಲಸ ಸಿಕ್ಕಿತು. ನಾನು ಆ ಎರಡು ಸಾಲುಗಳ ನಡುವೆ ಇನ್ನೊಂದನ್ನು ಸೇರಿಸಿದೆ: ನಕಲು ಸರಿಯಾಗಿ ತಲುಪಿದ್ದರೆ ಮಾತ್ರ ಅಳಿಸು. ಎಷ್ಟು ಸಣ್ಣ ಸಾಲು. ಅದು ನಮ್ಮಿಬ್ಬರಿಗೂ ಹೊಳೆಯದೆ ಹೋದದ್ದಕ್ಕೆ ಈಗಲೂ ಸಂಕಟವಾಗುತ್ತದೆ.

ಅದನ್ನು ಹೇಳಲೆಂದೇ ರೈಲು ಹತ್ತಿ ಅವಳ ಮನೆಗೆ ಹೋದೆ. ಮಷೀನುಗಳು ಖಾಲಿ ಇವೆ, ಬಾ, ಮತ್ತೆ ಓಡಿಸೋಣ ಎಂದು ಕರೆದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅದರ ಮ್ಯಾಲಿನ ಮನಸು ಹೋತವಾ," ಎಂದಳು. "ಚಾ ಆರತೈತಿ, ಕುಡಿ."

ಕುಡಿದೆ. ಆಮೇಲೆ ಅವಳು ತನ್ನ ಹೊಸ ಕಾಲೇಜಿನ ಬಗ್ಗೆ ಬಹಳ ಹೊತ್ತು ಮಾತಾಡಿದಳು.