ಬಿಳಿ ಗೆರೆಯ ಹಿಂದಿನ ಅಂಚು

ಅಮೆರಿಕದ ಫುಟ್‌ಬಾಲ್ ಎಂದರೆ ಶಿವಪ್ರಕಾಶನಿಗೆ ಮೊದಲು ತಲೆಬುಡ ತಿಳಿಯುತ್ತಿರಲಿಲ್ಲ. ಹೆಸರು ಕಾಲಿನದು, ಆಡುವುದೆಲ್ಲ ಕೈಯಲ್ಲಿ. ಐದು ಸೆಕೆಂಡು ಗುದ್ದಾಡಿ ಅರ್ಧ ನಿಮಿಷ ನಿಂತು ಹರಟುವ ಈ ಆಟಕ್ಕೆ ಜನ ಯಾಕೆ ಹೀಗೆ ಹುಚ್ಚೆದ್ದು ಕುಣಿಯುತ್ತಾರೋ ಎಂದು ಹೆಂಡತಿ ಅರ್ಪಿತಾಳ ಹತ್ತಿರ ಗೊಣಗುತ್ತಿದ್ದ. ಮಗಳು ಗಗನಾ ಒಂಬತ್ತನೇ ಕ್ಲಾಸಿನಲ್ಲಿ ಹೈಸ್ಕೂಲಿನ ಹುಡುಗರ ತಂಡಕ್ಕೆ ಚೆಂಡು ಒದೆಯುವ ಕಿಕ್ಕರ್ ಆಗಿ ಸೇರಿಕೊಂಡಳು ನೋಡಿ, ಗೊಣಗಾಟ ಬಾಯಲ್ಲೇ ಉಳಿಯಿತು. ನೋಡಲು ಹೋದ. ಹೋದವನ ಕಣ್ಣಿಗೆ ಮೊದಲು ಬಿದ್ದದ್ದು ಮೈದಾನದ ಪಕ್ಕದಲ್ಲಿ ಮೂವರು ಹಿಡಿದುಕೊಂಡು ಓಡಾಡುತ್ತಿದ್ದ ಒಂದು ಸರಪಳಿ.

ಆಡುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜವನ್ನು ಅಳೆಯಲು ಎರಡು ತುದಿಗೂ ಕೋಲು ಕಟ್ಟಿದ ಸರಪಳಿ. ಇಷ್ಟು ತಿಳಿದದ್ದೇ ತಡ, ಶಿವಪ್ರಕಾಶನಿಗೆ ಇದು ತನ್ನ ಮನೆಯ ಆಟವೇ ಅನ್ನಿಸಿಬಿಟ್ಟಿತು. ಅವನ ಅಪ್ಪ ಬೋರಲಿಂಗಯ್ಯನವರು ಕೆ.ಆರ್. ಪೇಟೆಯ ಸರ್ವೆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಚೈನ್‌ಮ್ಯಾನ್ ಆಗಿದ್ದವರು. ಕೆರೆಯಂಗಳವೋ ಕಬ್ಬಿನ ಗದ್ದೆಯೋ, ಸರ್ವೆಯರು ಹೇಳಿದ ಕಡೆ ಸರಪಳಿ ಎಳೆದು ಗೂಟ ಹೊಡೆದು ಬರುವುದು ಅವರ ಕೆಲಸ. ಶಾಲೆಗೆ ರಜೆಯಿದ್ದಾಗ ಇನ್ನೊಂದು ತುದಿ ಹಿಡಿಯುತ್ತಿದ್ದವನು ಶಿವಪ್ರಕಾಶ.

ಆವತ್ತು ಆಟ ಮುಗಿದ ಮೇಲೆ ಅವನು ಸುಮ್ಮನೆ ಮನೆಗೆ ಬರಬಹುದಿತ್ತು. ಬರಲಿಲ್ಲ. ಸರಪಳಿಯ ಮೇಸ್ತ್ರಿಯಂತಿದ್ದ ಡೊಮಿನಿಕ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಹತ್ತಿರ ಹೋಗಿ, ನಿಮ್ಮ ಸರಪಳಿ ಸಡಿಲವಾಗಿತ್ತು, ಎರಡು ಸಲ ನೋಡಿದೆ ಎಂದ. ಡೊಮಿನಿಕ್ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದ. "ಹಾಗಾದ್ರೆ ಮುಂದಿನ ವಾರ ನೀನೇ ಬಾ" ಎಂದ.

ಹೀಗೆ ಕ್ರ್ಯಾನ್‌ಬರಿ ಎಂಬ ಊರಿನ ಗೋದಾಮುಗಳಿಗೆ ನೆಲ ಮಟ್ಟ ಮಾಡಿಸುವ ಸಿವಿಲ್ ಎಂಜಿನಿಯರ್ ಶಿವಪ್ರಕಾಶ ನಾಲ್ಕು ವರ್ಷದಿಂದ ಪ್ರತಿ ಶನಿವಾರ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಮೈದಾನದ ಅಂಚಿಗೆ ಇಳಿಯುತ್ತಿದ್ದ. ಕೋಲುಗಳನ್ನು ಡೊಮಿನಿಕ್ ಮತ್ತು ಇನ್ನೊಬ್ಬ ಹಿಡಿಯುತ್ತಿದ್ದರು. ಶಿವಪ್ರಕಾಶನದು ಕ್ಲಿಪ್ಪಿನ ಕೆಲಸ. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಸರಪಳಿ ಯಾವ ಗೆರೆಯ ಮೇಲೆ ಹಾದಿದೆಯೋ ಆ ಗೆರೆಯ ಹಿಂದಿನ ಅಂಚಿಗೆ ಸರಿಯಾಗಿ ಸರಪಳಿಗೆ ಒಂದು ಕ್ಲಿಪ್ ಸಿಕ್ಕಿಸಬೇಕು. ಅನುಮಾನ ಬಂದು ಸರಪಳಿಯನ್ನು ಮೈದಾನದ ಒಳಗೆ ಒಯ್ದಾಗ ಆ ಕ್ಲಿಪ್ಪನ್ನು ಅದೇ ಗೆರೆಯ ಅದೇ ಅಂಚಿಗೆ ಇಟ್ಟು ಸರಪಳಿ ಎಳೆಯುತ್ತಾರೆ. ಗೆರೆಯ ಅಗಲ ನಾಲ್ಕು ಇಂಚು. ಅಂಚು ತಪ್ಪಿದರೆ ಅಳತೆಯೂ ಅಷ್ಟೇ ತಪ್ಪುತ್ತದೆ.

ಜಾಕೆಟ್ ತೊಟ್ಟವರಿಗೆ ಒಂದು ಕಟ್ಟಳೆಯಿದೆ. ಸರಪಳಿಯವರು ಊರಿನವರೇ ಆದರೂ ಊರಿನ ತಂಡಕ್ಕೆ ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಅದೂ ಅಲ್ಲದೆ ಅವರು ನಿಲ್ಲುವುದು ಎದುರಾಳಿಗಳ ಬದಿಯಲ್ಲಿ. ನಾಲ್ಕು ವರ್ಷದಲ್ಲಿ ಮಗಳು ಚೆಂಡು ಒದ್ದಾಗಲೆಲ್ಲ ಶಿವಪ್ರಕಾಶ ಕಂಬದ ಹಾಗೆ ನಿಂತಿದ್ದ. ಅವನ ಪಾಲಿನ ಕೂಗನ್ನೂ ಸೇರಿಸಿ ಆಚೆ ಬದಿಯ ಮೆಟ್ಟಿಲುಗಳಿಂದ ಅರ್ಪಿತಾ ಕೂಗುತ್ತಿದ್ದಳು, ಅದು ಮೈದಾನ ದಾಟಿ ಈಚೆಗೂ ಕೇಳುತ್ತಿತ್ತು.

ಇನ್ನೊಂದು ಕಟ್ಟಳೆ ಅವನದೇ. ಸ್ಕೂಲಿನ ಗೇಟಿನ ಪಕ್ಕ ಮೈಸೂರಿನ ಹಬೀಬ್ ಬಾರ್ಬೆಕ್ಯೂ ಮಳಿಗೆ ಹಾಕುತ್ತಿದ್ದ. ಹೈವೇ ಪಕ್ಕದಲ್ಲಿ ಅವನದೊಂದು ಸಣ್ಣ ಹೋಟೆಲಿದೆ. ಪಂದ್ಯವಿದ್ದ ದಿನ ಬೆಳಗಿನ ಜಾವವೇ ಕಬ್ಬಿಣದ ಒಲೆಯನ್ನು ಗಾಡಿಗೆ ಕಟ್ಟಿ ತಂದು, ಓಕ್ ಕಟ್ಟಿಗೆಯ ಹೊಗೆಯಲ್ಲಿ ಗಂಟೆಗಟ್ಟಲೆ ಮಾಂಸ ಬೇಯಿಸುತ್ತಿದ್ದ. ಮಸಾಲೆ ಹೆಂಡತಿ ನಾಸಿರಾಳದು. ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೀಳುತ್ತದೆಂದು ಗೊತ್ತಿಲ್ಲದ ಬಿಳಿಯರು ಬೆರಳು ಚೀಪಿಕೊಂಡು ಎರಡನೇ ಸಲ ಕ್ಯೂ ನಿಲ್ಲುತ್ತಿದ್ದರು. ಹಬೀಬ ಪ್ರತಿ ಸಲವೂ ಕರೆಯುತ್ತಿದ್ದ: "ಪ್ರಕಾಶಣ್ಣ, ಎರಡು ಪೀಸ್ ಚಿಕನ್ ತಿಂದು ಹೋಗಿ, ಖಾಲಿ ಹೊಟ್ಟೇಲಿ ಎಷ್ಟೊತ್ತು ನಿಲ್ತೀರಾ?"

"ಮುಗೀಲಿ ಹಬೀಬಣ್ಣ. ಅಳೆಯೋದು ಮುಗಿಯೋವರ್ಗೂ ನಮ್ಮಪ್ಪ ಯಾರ ಮನೇಲೂ ನೀರು ಕೂಡ ಕುಡೀತಿರ್ಲಿಲ್ಲ. ಬುತ್ತಿ ಕಟ್ಕೊಂಡ್ ಹೋಗೋರು."

"ಇಲ್ಲಿ ಯಾರ ಜಮೀನು ಹೋಗ್ತದೆ ಅಂತ?" ಎಂದು ಹಬೀಬ ನಗುತ್ತಿದ್ದ. ನಕ್ಕರೂ ಒಂದು ತಟ್ಟೆಗೆ ಎರಡು ಚಿಕನ್ ಕಾಲು ಹಾಕಿ, ಫಾಯಿಲ್ ಮುಚ್ಚಿ, ಒಲೆಯ ಮೂಲೆಯಲ್ಲಿ ಬಿಸಿಯಾಗಿಡುತ್ತಿದ್ದ.

ನವೆಂಬರಿನ ಆ ಶನಿವಾರ ಪ್ಲೇಆಫ್ ಪಂದ್ಯ. ಸೋತವರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯುತ್ತದೆ. ಗಗನಾಳಿಗೆ ಇದು ಕಡೆಯ ವರ್ಷ, ಕಾಲೇಜಿನಲ್ಲಿ ಅವಳು ಆಡುವುದಿಲ್ಲ. ನಾಲ್ಕು ವರ್ಷದಲ್ಲಿ ಅವಳಿಗೆ ಸಿಕ್ಕಿದ್ದೆಲ್ಲ ಗೋಲಾದ ಮೇಲಿನ ಒಂದು ಅಂಕದ ಸಣ್ಣ ಕಿಕ್‌ಗಳೇ. ಪಂದ್ಯವನ್ನೇ ತಿರುಗಿಸುವಂಥ, ದೂರದಿಂದ ಎರಡು ಕಂಬಗಳ ನಡುವೆ ಚೆಂಡು ಹಾಯಿಸುವ ಮೂರು ಅಂಕದ ಕಿಕ್ ಒಂದೂ ಸಿಕ್ಕಿರಲಿಲ್ಲ. ಹುಡುಗಿಯ ಕಾಲನ್ನು ನಂಬಲು ಕೋಚ್‌ಗೆ ಅಳುಕು. ಬೆಳಿಗ್ಗೆ ಕಾರಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಾ, "ಜಸ್ಟ್ ಒನ್ ರಿಯಲ್ ಕಿಕ್, ಅಪ್ಪ" ಎಂದಿದ್ದಳು. "ಸಿಗತ್ತೆ ಬಿಡು" ಎಂದಿದ್ದ.

ಕಡೆಯ ಒಂದೂವರೆ ನಿಮಿಷ ಉಳಿದಾಗ ಎದುರಾಳಿಗಳು ಇಪ್ಪತ್ತೊಂದು, ಊರಿನವರು ಇಪ್ಪತ್ತು. ಚೆಂಡು ಊರಿನವರ ಕೈಯಲ್ಲಿತ್ತು. ಹೊಸದಾಗಿ ನಾಲ್ಕು ಅವಕಾಶ ಸಿಕ್ಕಿ ಸರಪಳಿ ಹೊಸ ಜಾಗಕ್ಕೆ ಬಂತು. ಶಿವಪ್ರಕಾಶ ಕ್ಲಿಪ್ ಸಿಕ್ಕಿಸಲು ಮಂಡಿಯೂರಿದ. ಅದೇ ಗಳಿಗೆಯಲ್ಲಿ ಆಚೆ ಬದಿಯಲ್ಲಿ ಗಗನಾ ಹೆಲ್ಮೆಟ್ ಹಾಕಿಕೊಂಡು, ಅಭ್ಯಾಸಕ್ಕೆಂದು ಕಟ್ಟಿದ್ದ ಬಲೆಗೆ ಚೆಂಡು ಒದೆಯತೊಡಗಿದಳು. ಕೋಚ್ ಹೇಳಿರಬೇಕು, ತಯಾರಾಗು ಎಂದು. ಶಿವಪ್ರಕಾಶನ ಕೈ ಕ್ಲಿಪ್ ಹಾಕಿತು, ಕಣ್ಣು ಮಗಳ ಮೇಲಿತ್ತು.

ಆಮೇಲೆ ಎಲ್ಲ ಸರಸರ ನಡೆಯಿತು. ಮೂರು ಸಲ ಓಡಿದರು, ಮೂರು ಸಲ ಬಿದ್ದರು. ಮೂರನೆಯ ಸಲ ಹತ್ತು ಗಜ ಆಯಿತೋ ಇಲ್ಲವೋ ಬರಿಗಣ್ಣಿಗೆ ತಿಳಿಯಲಿಲ್ಲ. ಗಡಿಯಾರ ನಿಲ್ಲಿಸಿ, ಸರಪಳಿ ತನ್ನಿ ಎಂದು ಅಂಪೈರು ಕೈಮಾಡಿದರು. ಇನ್ನು ಮೂವತ್ನಾಲ್ಕು ಸೆಕೆಂಡು. ಚೆಂಡಿದ್ದ ಕಡೆಯಿಂದ ಒದ್ದರೆ ಕಂಬಕ್ಕೆ ನಲವತ್ತನಾಲ್ಕು ಗಜ. ಗಗನಾಳ ಕಾಲನ್ನು ಮೂವತ್ತೈದರವರೆಗೆ ಮಾತ್ರ ನಂಬಬಹುದು. ಅಳತೆ ಪಾಸಾದರೆ ಇನ್ನಷ್ಟು ಮುಂದೆ ಹೋಗಬಹುದು, ಆಗ ಕಿಕ್ ಅವಳದು.

ಸರಪಳಿ ಎತ್ತಲು ಬಗ್ಗಿದಾಗ ಶಿವಪ್ರಕಾಶನ ಕಣ್ಣಿಗೆ ಬಿತ್ತು. ಕ್ಲಿಪ್ ಗೆರೆಯ ಹಿಂದಿನ ಅಂಚಿಗಿರಲಿಲ್ಲ, ಮುಂದಿನ ಅಂಚಿಗಿತ್ತು.

ಅಷ್ಟರಲ್ಲಿ ಅಂಪೈರು ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿಯಾಗಿತ್ತು. ಇನ್ನು ಅದು ಎಲ್ಲಿತ್ತೆಂದು ಬಲ್ಲವನು ಇಡೀ ಮೈದಾನದಲ್ಲಿ ಒಬ್ಬನೇ. ಪಕ್ಕದಲ್ಲಿ ಸರಪಳಿ ಹಿಡಿದು ನಡೆಯುತ್ತಾ ಆ ಒಬ್ಬ ಲೆಕ್ಕ ಹಾಕಿದ. ಮುಂದಿನ ಅಂಚಿನ ಕ್ಲಿಪ್ಪನ್ನು ಹಿಂದಿನ ಅಂಚಿಗಿಟ್ಟರೆ ಸರಪಳಿ ನಾಲ್ಕು ಇಂಚು ಹಿಂದೆ ಸರಿಯುತ್ತದೆ. ಲಾಭ ನಮ್ಮವರಿಗೆ. ಲಾಭ ಗಗನಾಳಿಗೆ. ಹಾಗೇ ಆಯಿತು. ಡೊಮಿನಿಕ್ ಕೋಲನ್ನು ಬಿಗಿಯಾಗಿ ಎಳೆದು ನಿಲ್ಲಿಸಿದ. ಚೆಂಡಿನ ಮೂಗು ಕೋಲನ್ನು ಎರಡು ಬೆರಳಿನಷ್ಟು ದಾಟಿತ್ತು. ಆಚೆ ಬದಿಯ ಮೆಟ್ಟಿಲುಗಳೆಲ್ಲ ಎದ್ದು ನಿಂತವು. ಗಗನಾ ಗಲ್ಲದ ಪಟ್ಟಿ ಬಿಗಿದುಕೊಂಡು ಕೋಚ್ ಪಕ್ಕಕ್ಕೆ ನಡೆದಳು.

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಾಯಿತು, ಅದನ್ನು ಮುಚ್ಚಿಡುವುದೇಕೆ.

"ಸರ್, ತಡೀರಿ. ಕ್ಲಿಪ್ ತಪ್ಪಾಗಿದೆ. ಮುಂದಿನ ಅಂಚಿಗೆ ಹಾಕ್ಬಿಟ್ಟಿದೀನಿ."

ಅಂಪೈರು ತಲೆಯೆತ್ತಿದರು. "ಖಂಡಿತಾನಾ?"

"ನಾನೇ ಹಾಕಿದ್ದು."

ಡೊಮಿನಿಕ್ ಹಲ್ಲು ಕಚ್ಚಿಕೊಂಡು ಆಕಾಶ ನೋಡಿದ. ಕ್ಲಿಪ್ಪನ್ನು ಗೆರೆಯ ಮುಂದಿನ ಅಂಚಿಗಿಟ್ಟು ಇನ್ನೊಮ್ಮೆ ಎಳೆದರು. ಈ ಸಲ ಚೆಂಡೇ ಎರಡು ಬೆರಳು ಹಿಂದಿತ್ತು. ಉಳಿದದ್ದು ಒಂದು ಅವಕಾಶ. ಕೋಚ್ ಗಗನಾಳ ಕಡೆ ಒಮ್ಮೆ, ಕಂಬದ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಹುಡುಗರನ್ನೇ ನುಗ್ಗಲು ಕಳಿಸಿದರು. ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾದರು. ರಾಶಿ ಬಿಡಿಸಿ ನೋಡಿದಾಗ ಚೆಂಡು ಇದ್ದಲ್ಲೇ ಇತ್ತು. ಎದುರಾಳಿಗಳು ಉಳಿದ ಹೊತ್ತನ್ನು ಸುಮ್ಮನೆ ಕಳೆದರು, ಪಂದ್ಯ ಮುಗಿಯಿತು.

ಗೇಟಿನ ಹತ್ತಿರ ಅರ್ಪಿತಾ ಎದುರಾದಳು. ಮೈಕಿನಲ್ಲಿ ಕ್ಲಿಪ್ಪಿನ ವಿಷಯ ಹೇಳಿಬಿಟ್ಟಿದ್ದರು. "ಈಗ್ಲೇ ಅವಳನ್ನ ಮಾತಾಡಿಸೋಕೆ ಹೋಗ್ಬೇಡಿ" ಎಂದಷ್ಟೇ ಹೇಳಿ ಕಾರಿನಲ್ಲಿ ಹೋಗಿ ಕೂತಳು. ಊರಿನವರು ಕೆಲವರು ಬೆನ್ನು ತಟ್ಟಿದರು, ಹಲವರು ಬೇರೆ ಕಡೆ ನೋಡುತ್ತಾ ದಾಟಿಹೋದರು. ಮಳಿಗೆಯ ಪಕ್ಕದ ಬೆಂಚಿನ ಮೇಲೆ ಕೂತ ಶಿವಪ್ರಕಾಶನ ತೊಡೆಯ ಮೇಲೆ ಹಬೀಬ ಫಾಯಿಲ್ ತಟ್ಟೆ ತಂದಿಟ್ಟ.

"ಇವತ್ತಾದ್ರೂ ಬಿಸಿಬಿಸಿ ತಿನ್ನಿ ಪ್ರಕಾಶಣ್ಣ."

"ಸೇರಲ್ಲ ಹಬೀಬಣ್ಣ."

"ಮುಗೀತಲ್ಲ ಅಳತೆ."

"ಮುಗೀತು" ಎಂದ ಶಿವಪ್ರಕಾಶ. ಫಾಯಿಲ್ ಬಿಚ್ಚಲಿಲ್ಲ. ಸಣ್ಣವನಿದ್ದಾಗ ಗದ್ದೆಯ ಬದುವಿನ ಮೇಲೆ ಅಪ್ಪ ಬುತ್ತಿ ಬಿಚ್ಚುತ್ತಿದ್ದುದು ಅವನಿಗೆ ನೆನಪಾಯಿತು. ಅಪ್ಪ ಅಳೆದದ್ದೆಲ್ಲ ಕಂಡವರ ಜಮೀನು, ಅದಕ್ಕೇ ಅಪ್ಪನ ಬುತ್ತಿ ಗಂಟಲಲ್ಲಿ ಇಳಿಯುತ್ತಿತ್ತು.

ಜನ ಕರಗಿದರು. ನಾಲ್ಕೂವರೆಯಾಗಿತ್ತು, ಬೆಳಕು ಇಳಿಯುತ್ತಿತ್ತು. ಬೆಂಚಿನ ಇನ್ನೊಂದು ತುದಿಗೆ ಯಾರೋ ಕೂತಂತಾಗಿ ತಿರುಗಿದರೆ ಗಗನಾ. ಜರ್ಸಿ ಬಿಚ್ಚಿರಲಿಲ್ಲ. ಅತ್ತು ಮುಖ ತೊಳೆದಿದ್ದಳು.

"ಯೂ ನ್ಯೂ? ಅದು ಆಗಿದ್ರೆ ನಂಗೆ ಕಿಕ್ ಸಿಕ್ತಿತ್ತು ಅಂತ?"

"ಗೊತ್ತಿತ್ತು ಮಗಳೇ."

"ನೋಬಡಿ ವುಡ್ ಹ್ಯಾವ್ ನೋನ್, ಅಪ್ಪ."

"ಹೂಂ."

ಗಗನಾ ಅವನ ಕಡೆ ತಿರುಗಿ, ನಿಜಕ್ಕೂ ಸಿಟ್ಟಿನಿಂದಲೇ ಕೇಳಿದಳು. "ಬಟ್ ನೀನು ಯಾವತ್ತೂ ತಪ್ಪು ಮಾಡಲ್ವಲ್ಲ! ಫೋರ್ ಇಯರ್ಸ್! ಇವತ್ತೇ ಯಾಕೆ?"

ಸುಳ್ಳು ಹೇಳಲು ಅವನಿಗೆ ಹೊಳೆಯಲಿಲ್ಲ. "ನೀನು ಆಚೆ ಕಡೆ ಬಾಲ್ ಒದೀತಿದ್ದೆ. ಕ್ಲಿಪ್ ಬಿಟ್ಟು ನಿನ್ನೇ ನೋಡ್ತಿದ್ದೆ."

ಅಪ್ಪ ಈ ನಾಲ್ಕು ವರ್ಷ ಸರಪಳಿಯನ್ನಷ್ಟೇ ನೋಡಲು ಬರುತ್ತಾನೆಂದು ಗಗನಾ ತಿಳಿದಿದ್ದಳು. ಬಗ್ಗಿ ತನ್ನ ಬ್ಯಾಗಿನಿಂದ ಚೆಂಡು ತೆಗೆದಳು. "ಆ ಜಾಕೆಟ್ ತೆಗಿ" ಎಂದಳು. "ಕಮ್. ಹೋಲ್ಡ್ ಇಟ್ ಫಾರ್ ಮಿ."

ಖಾಲಿ ಮೈದಾನದಲ್ಲಿ ಅವಳು ಕಂಬದಿಂದ ಮೂವತ್ತೈದು ಗಜ ಬರುವ ಗೆರೆಯ ಹತ್ತಿರ ನಿಂತಳು. ಶಿವಪ್ರಕಾಶ ಮಂಡಿಯೂರಿ ಚೆಂಡನ್ನು ಗೆರೆಯ ಮೇಲೆ ನಿಲ್ಲಿಸಿದ.

"ಬ್ಯಾಕ್ ಎಡ್ಜ್, ಅಪ್ಪ."

ಅವನು ಚೆಂಡನ್ನು ಹಿಂದಿನ ಅಂಚಿಗೆ ಸರಿಸಿ ತುದಿಯನ್ನು ಒಂದು ಬೆರಳಲ್ಲಿ ಹಿಡಿದ. ಅವಳು ಮೂರು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಉಸಿರು ಬಿಟ್ಟು ಓಡಿ ಬಂದಳು. ಬೆರಳ ಕೆಳಗಿನಿಂದ ಚೆಂಡು ಚಿಮ್ಮಿ ಹೋಯಿತು. ಅದು ಕಂಬ ಮುಟ್ಟುವ ಮೊದಲೇ, ಒಳಗೋ ಹೊರಗೋ ತಿಳಿಯುವ ಮೊದಲೇ, ಶಿವಪ್ರಕಾಶ ಎದ್ದು ಎರಡೂ ಕೈ ಮೇಲೆತ್ತಿ ಕೂಗಿದ. "ಹೊಡ್ದೆ ಕಣೇ ಮಗಳೇ! ಹೊಡ್ದೇ!" ಕೆ.ಆರ್. ಪೇಟೆಯ ಗದ್ದೆ ಬಯಲಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕರೆಯುವ ಕೂಗು ಅದು. ಒಲೆ ತೊಳೆಯುತ್ತಿದ್ದ ಹಬೀಬ ಕೈಲಿದ್ದ ಇಕ್ಕಳ ಬೀಳಿಸಿ ಓಡಿ ಬಂದ. ಕಾರಿನ ಬಾಗಿಲು ತೆರೆದುಕೊಂಡು ಅರ್ಪಿತಾ ಇಳಿದಳು.

ಚೆಂಡು ಕಂಬಗಳ ನಡುವೆಯೇ ಹೋಗಿತ್ತು. ಅಪ್ಪ ಇನ್ನೂ ಕೂಗುತ್ತಲೇ ಇದ್ದ. ಗಗನಾ ಹೆಲ್ಮೆಟ್ಟಿಲ್ಲದ ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಾ ನಿಂತಿದ್ದಳು.

ಬೆಂಚಿಗೆ ಬಂದು ಅವನು ಫಾಯಿಲ್ ಬಿಚ್ಚಿದ. ಚಿಕನ್ ಆರಿತ್ತು. ಒಂದು ಕಾಲು ಮಗಳಿಗೆ ಕೊಟ್ಟು, ಇನ್ನೊಂದನ್ನು ತಾನು ಕಚ್ಚಿ, ಬಾಯಿ ತುಂಬಿಕೊಂಡೇ ಹಬೀಬನನ್ನು ಕೇಳಿದ, "ಇನ್ನೆರಡು ಪೀಸ್ ಉಳ್ದಿದ್ಯಾ?"