ಗುಂಡನ ನೈಸರ್ಗಿಕ ಊಟ

ನಾಯಿ ಸಾಕಿರುವವರೆಲ್ಲ ಸ್ವಲ್ಪ ಕೇಳಿ. ಗುಂಡ ನಮ್ಮ ಮನೆಗೆ ಬಂದಿರುವ ಹೊಸ ಮರಿ. ಪ್ಯಾಕೆಟ್ ಆಹಾರ ಒಳಗೆ ಬರಕೂಡದು, ಎಲ್ಲ ನೈಸರ್ಗಿಕವೇ ಆಗಬೇಕು ಎಂದು ನಾನೇ ಕಾನೂನು ಮಾಡಿದ್ದೆ. ಇವತ್ತು ಬೆಳಿಗ್ಗೆ ಮುದ್ದೆಗೆ ಬೇಯಿಸಿದ ಮೊಟ್ಟೆ, ಕ್ಯಾರೆಟ್ ಕಲಸಿ ಇಟ್ಟೆ. ಗುಂಡ ಮೂಸಿ ನೋಡಿ ಎದ್ದು ಹೋದ.

ಸ್ವಲ್ಪ ಹೊತ್ತಿಗೆ ನಾವು ರೇಷ್ಮೆಹುಳು ಸಾಕುವ ಮನೆಯಿಂದ ಅಪ್ಪನ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ, ನಾಳೆಯೋ ನಾಡಿದ್ದೋ ಗೂಡು ಕಟ್ಟಬೇಕಿದ್ದ ಹುಳುಗಳನ್ನು ಗುಂಡ ಸ್ಟ್ಯಾಂಡಿನ ಕೆಳಗಿನ ತಟ್ಟೆಯಿಂದ ಆರಿಸಿ ಆರಿಸಿ ತಿನ್ನುತ್ತಿದ್ದಾನೆ.

"ಏನ್ಲಾ, ಇದರ ಹೊಟ್ಟೆಗೆ ಏನೂ ಹಾಕ್ಲಿಲ್ವಾ?"

"ಹಾಕ್ದೆ ಕಣಪ್ಪಾ. ಎಲ್ಲಾ ನ್ಯಾಚುರಲ್ಲು, ಚೂರೂ ಕೆಮಿಕಲ್ ಇಲ್ಲ."

ಅಪ್ಪ ಗುಂಡನನ್ನು ಎತ್ತಿ ನನ್ನ ಕೈಗಿಟ್ಟರು.

"ನಿನ್ನ ಕ್ಯಾರೆಟ್ಟು ಕೋಲಾರದ ಮಾರ್ಕೆಟ್ದು. ಅದಕ್ಕೆ ಎಷ್ಟು ಸಲ ಔಷಧಿ ಹೊಡೆದಿದ್ರೋ ಯಾರಿಗ್ಗೊತ್ತು. ಈ ಹುಳ ತಿನ್ನೋ ಸೊಪ್ಪಿಗೆ ಔಷಧಿ ಸೋಕಿದ್ರೆ ಹುಳಾನೇ ಉಳಿಯಲ್ಲ. ನ್ಯಾಚುರಲ್ ಯಾವ್ದು ಅಂತ ನಿನಗಿಂತ ಇದಕ್ಕೇ ಚೆನ್ನಾಗ್ ಗೊತ್ತು."

ಸಿದ್ಧಾಂತದಲ್ಲಿ ನಾನು ಸೋತಿಲ್ಲ. ಮರಿಗೆ ನೈಸರ್ಗಿಕ ಆಹಾರವೇ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ. ದಿನಾ ರೇಷ್ಮೆ ತಿನ್ನಿಸಿ ನಾಯಿ ಸಾಕುವಷ್ಟು ಶ್ರೀಮಂತರು ನಾವಲ್ಲ, ಅಷ್ಟೇ.